ಜ್ವರ ಬಿಟ್ಟರೂ ಬಿಡದ ಕೀಲುನೋವು

ಜ್ವರ ಬಿಟ್ಟು ತಿಂಗಳಾಯಿತು. ಆದರೂ ಬೆಳಗ್ಗೆ ಎದ್ದಾಗ ಬೆರಳು ಮಡಚಲಾಗುವುದಿಲ್ಲ, ರೊಟ್ಟಿ ಲಟ್ಟಿಸಲು ಮಣಿಕಟ್ಟು ಒಪ್ಪುವುದಿಲ್ಲ, ನಮಾಝ್‌ನಲ್ಲಿ ಮಂಡಿ ಬಾಗುವುದಿಲ್ಲ. ಮನೆಯವರು ಮಾತ್ರ "ಜ್ವರ ಹೋಯಿತಲ್ಲ, ಇನ್ನೇನು?" ಎನ್ನುತ್ತಾರೆ. ಚಿಕುನ್‌ಗುನ್ಯಾ ಬಂದುಹೋದ ಮನೆಗಳಲ್ಲಿ ನೀವೂ ಈ ಮಾತು ಕೇಳಿರಬಹುದು. 2006ರಲ್ಲಿ ಕರ್ನಾಟಕದಲ್ಲಿ ಅದೆಷ್ಟು ಜನ ಗೋಡೆ ಹಿಡಿದು ನಡೆದರು! ತಾಂಜಾನಿಯಾದ ಮಕೊಂಡೆ ಭಾಷೆಯಿಂದ ಬಂದ ಆ ಹೆಸರಿಗೆ 'ಬಾಗಿಸುವುದು' ಎಂದೇ ಅರ್ಥ.

ಸೊಳ್ಳೆ ಕಚ್ಚುವುದು ಒಂದು ಕಡೆ. ನೋವು ಇಡೀ ಮೈಗೆ ಏಕೆ? ವೈರಸ್ ರಕ್ತದೊಂದಿಗೆ ಹರಿದು ಕೀಲು, ಸ್ನಾಯುಗಳನ್ನು ಸೇರುತ್ತದೆ. ಅದನ್ನು ಗುರುತಿಸಿದ ರೋಗನಿರೋಧಕ ಕಣಗಳು ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಹೊರಬಿಡುತ್ತವೆ. ಅವುಗಳ ಸೂಚನೆ ಮೆದುಳಿಗೆ ತಲುಪಿದಾಗ ಮೈ ಬಿಸಿಯೇರುತ್ತದೆ. ರಕ್ತನಾಳಗಳು ಹಿಗ್ಗಿ ದ್ರವ ಸೋರಿದಾಗ ಕೀಲು ಊದುತ್ತದೆ. ಇದೇ ಉರಿಯೂತ. ಅಂದರೆ ನಿಮ್ಮನ್ನು ಮಲಗಿಸಿದ್ದು ವೈರಸ್ ಮಾತ್ರವಲ್ಲ, ಅದರೊಂದಿಗೆ ಹೋರಾಡುವ ನಿಮ್ಮ ದೇಹವೂ ಹೌದು. ವೈರಸ್ ರಕ್ತದಿಂದ ಮರೆಯಾದ ಮೇಲೂ ಕೆಲವರ ಕೀಲುಗಳಲ್ಲಿ ಈ ಉರಿಯೂತ ತಿಂಗಳುಗಟ್ಟಲೆ ಉಳಿಯುತ್ತದೆ. ಹೆಂಗಸರಲ್ಲಿ, ವಯಸ್ಸಾದವರಲ್ಲಿ ಹೆಚ್ಚು. ಸೊಸೆ ಸುಳ್ಳು ಹೇಳುತ್ತಿಲ್ಲ, ಅತ್ತೆ ನಟಿಸುತ್ತಿಲ್ಲ.

ಜ್ವರದ ಮೊದಲ ದಿನಗಳಲ್ಲಿ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಅದೇ ಸೊಳ್ಳೆ ಡೆಂಗ್ಯೂವನ್ನೂ ಹರಡುತ್ತದೆ. ಡೆಂಗ್ಯೂ ಆಗಿದ್ದರೆ ಆಸ್ಪಿರಿನ್, ಐಬುಪ್ರೊಫೆನ್‌ಗಳಿಂದ ರಕ್ತಸ್ರಾವದ ಅಪಾಯ ಹೆಚ್ಚು. ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್, ಧಾರಾಳ ನೀರು, ಗಂಜಿ, ವಿಶ್ರಾಂತಿ ಇರಲಿ. ತುಂಬು ಗರ್ಭಿಣಿಗೆ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹೆರಿಗೆಯ ವೇಳೆ ಸೋಂಕು ಮಗುವಿಗೆ ದಾಟಬಲ್ಲದು.

ಈ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ತುಂಬಿಟ್ಟ ತಿಳಿನೀರಿನಲ್ಲಿ ಬೆಳೆಯುತ್ತದೆ. ವುಝೂಗೆಂದು ಇಟ್ಟ ಡ್ರಮ್ಮನ್ನು ವಾರಕ್ಕೊಮ್ಮೆ ಬರಿದು ಮಾಡಿ ಒಳಬದಿಯನ್ನು ಉಜ್ಜಿ ತೊಳೆಯಿರಿ. ಮೊಟ್ಟೆ ಅಲ್ಲೇ ಅಂಟಿಕೊಂಡಿರುತ್ತದೆ.