ಕ್ಯಾಸನೂರು ಕಾಡಿನ ಜ್ವರವೂ ಅದರ ಲಸಿಕೆಯೂ

ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯ ಸುತ್ತಣ ಪ್ರದೇಶವೂ ಅದರ ಪಶ್ಚಿಮಕ್ಕಿರುವ ಸೊರಬದ ಸೀಮೆಯೂ ಹಿಂದೆ ಬನವಾಸಿ ನಾಡಿಗೆ ಸೇರಿದ್ದುವು. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ 7 ಮತ್ತು 8ನೆಯ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಪ್ರಕಟಿಸಿದರು. ಕೆರೆಯನ್ನು ಕಟ್ಟಿಸಿದುದರ ಸಂಗತಿಯೊಡನೆ ಅದನ್ನು ಕಾಪಾಡುವುದಕ್ಕಾಗಿ ಬಿಟ್ಟ ಭೂಮಿಯ ಅಥವಾ ಆದಾಯದ ಸಂಗತಿಯೂ ಕನ್ನಡ ನಾಡಿನ ಶಾಸನಗಳಲ್ಲಿ ದೊರೆಯುವುದುಂಟು. ಬಿತ್ತುವಟ್ಟ, ಕಟ್ಟುಕೊಡಗಿ ಎಂಬ ಮಾತುಗಳು ಇದನ್ನೇ ಸೂಚಿಸುತ್ತವೆ. ಕೆರೆಯು ಊರಿಗೆ ಉಪಕಾರಿಯಾಗಿರುವಂತೆಯೇ ಏರಿ ಒಡೆದಲ್ಲಿ ಅಪಾಯಕಾರಿಯೂ ಆಗಿರುವುದು. ಆದಕಾರಣ ಕಟ್ಟುವ ಕೆಲಸಕ್ಕೂ ಕಾಯುವ ಕೆಲಸಕ್ಕೂ ಬೇರೆ ಬೇರೆಯಾಗಿ ಏರ್ಪಾಡು ಮಾಡಬೇಕೆಂಬುದನ್ನು ಪೂರ್ವಿಕರು ಅರಿತಿದ್ದರು. ಆಧುನಿಕ ವಿಜ್ಞಾನವು ಒದಗಿಸುವ ನೂತನ ಸಾಧನಗಳ ವಿಷಯದಲ್ಲಿಯೂ ಈ ವಿವೇಕ ಎಷ್ಟು ಅವಶ್ಯವೆಂಬುದನ್ನು ಇದೇ ಸೀಮೆಯಲ್ಲಿ ನಡೆದ ಒಂದು ವೃತ್ತಾಂತದಿಂದ ತಿಳಿಯಬಹುದು.

1957ರ ಮೊದಲ ತಿಂಗಳುಗಳಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳತೊಡಗಿದುವು. ಸುತ್ತಣ ಹಳ್ಳಿಗಳಲ್ಲಿ ಜನರಿಗೂ ತೀವ್ರವಾದ ಜ್ವರ ಬಂದಿತು. ಏಷ್ಯದಲ್ಲಿ ಅದುವರೆಗೆ ಕಾಣದಿದ್ದ ಹಳದಿ ಜ್ವರವೇ ಬಂದಿತೋ ಎಂಬ ಶಂಕೆ ಮೊದಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಪರೀಕ್ಷಿಸಲಾಗಿ, ಇದು ರಷ್ಯ ದೇಶದಲ್ಲಿ ಕಂಡುಬಂದಿದ್ದ, ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಸಮೀಪದ ಸಂಬಂಧವುಳ್ಳ ಹೊಸದೊಂದು ವೈರಸ್ಸೆಂದು ಸಿದ್ಧವಾಯಿತು. ಜನರು ಇದನ್ನು ಮಂಗನ ಕಾಯಿಲೆ ಎನ್ನುವರು. ಆದರೆ ಮಂಗವು ಮನುಷ್ಯನಂತೆಯೇ ಈ ರೋಗಕ್ಕೆ ತುತ್ತಾಗುವ ಪ್ರಾಣಿ. ರೋಗವನ್ನು ಮನುಷ್ಯನಿಗೆ ತಗುಲಿಸುವುದು ಕಾಡಿನ ಉಣುಗು. ರೋಗಿಗಳಲ್ಲಿ ನೂರಕ್ಕೆ ಸುಮಾರು 3ರಿಂದ 10 ಮಂದಿ ಮೃತರಾಗುತ್ತಾರೆ. ರೋಗದ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಸೌದೆಗೂ ದರಗಿಗೂ ದನ ಮೇಯಿಸುವುದಕ್ಕೂ ಕಾಡಿಗೆ ಹೋಗಲೇಬೇಕಾದವರು ಆ ಕಾಲದಲ್ಲಿಯೇ ಹೋಗುವರು.

ರೋಗಕ್ಕೆ ನೇರವಾದ ಔಷಧವಿಲ್ಲದುದರಿಂದ ಲಸಿಕೆಯ ಕಡೆಗೆ ಎಲ್ಲರ ದೃಷ್ಟಿ ತಿರುಗಿತು. ರಷ್ಯ ದೇಶದ ರೋಗಕ್ಕೆಂದು ಇಲಿಯ ಮಿದುಳಿನಿಂದ ಸಿದ್ಧಪಡಿಸಿದ್ದ ಲಸಿಕೆಯನ್ನು ಮೊದಲ ವರ್ಷಗಳಲ್ಲಿಯೇ ಪ್ರಯೋಗಿಸಿ ನೋಡಲಾಯಿತು. ಅದರಿಂದ ರಕ್ಷಣೆ ದೊರೆಯಲಿಲ್ಲ. ವೈರಸ್ಸುಗಳು ಸಂಬಂಧಿಗಳಾದ ಮಾತ್ರಕ್ಕೆ ಒಂದರ ಲಸಿಕೆ ಇನ್ನೊಂದಕ್ಕೆ ಸಲ್ಲುವುದೆಂಬ ನಿಯಮವಿಲ್ಲವೆಂಬುದು ಇದರಿಂದ ವಿಶದವಾಯಿತು. ಮುಂದೆ 1960ರ ದಶಕದಲ್ಲಿ ಕ್ಯಾಸನೂರಿನ ವೈರಸ್ಸನ್ನೇ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್ ದ್ರವದಿಂದ ನಿಷ್ಕ್ರಿಯಗೊಳಿಸಿ ಲಸಿಕೆಯನ್ನು ಸಾಧಿಸಿದರು. 1990ರಿಂದ ಅದು ಮಲೆನಾಡಿನ ಹಳ್ಳಿಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳೊಳಗೆ ಮತ್ತೊಂದು, ಅನಂತರ ವರ್ಷವರ್ಷವೂ ಒಂದೊಂದು ಎಂಬುದು ಅದರ ಕ್ರಮ.

1990ರಿಂದ 1992ರವರೆಗಿನ ಪರೀಕ್ಷೆಯಲ್ಲಿ ಒಂದು ಚುಚ್ಚುಮದ್ದಿನಿಂದ ನೂರಕ್ಕೆ 79.3ರಷ್ಟು, ಎರಡರಿಂದ 93.5ರಷ್ಟು ರಕ್ಷಣೆ ಕಂಡುಬಂದಿತು. ಆದರೆ 2005ರಿಂದ 2010ರವರೆಗಿನ ಬಳಕೆಯನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಚುಚ್ಚುಮದ್ದಿನ ರಕ್ಷಣೆ 62.4ಕ್ಕೆ ಇಳಿದಿದ್ದಿತು, ಮೂರನೆಯದನ್ನೂ ಪಡೆದವರಲ್ಲಿ 82.9ರಷ್ಟಿದ್ದಿತು. ಈ ಅಂಕಿಗಳಿಂದಲೇ ಲಸಿಕೆ ಬಲಗುಂದಿತೆಂದು ನಿರ್ಣಯಿಸುವುದು ಯುಕ್ತವಲ್ಲ. ಎರಡು ಅಧ್ಯಯನಗಳ ವಿಧಾನವೂ ಕಾಲವೂ ಬೇರೆ ಬೇರೆ. ಇಷ್ಟಂತೂ ನಿಶ್ಚಯ: ಆರಂಭದಲ್ಲಿ ದೊರೆತ ಫಲವನ್ನು ಸದಾಕಾಲದ ಫಲವೆಂದು ಎಣಿಸಕೂಡದು. ಚುಚ್ಚಿದ ಜಾಗದಲ್ಲಿ ನೋವು ಹೆಚ್ಚೆಂದು ಜನರು ಹಿಂಜರಿದರು; ಮೊದಲನೆಯದನ್ನು ಪಡೆದ ಹಲವರು ಎರಡನೆಯದಕ್ಕೆ ಬರಲಿಲ್ಲ. ಪ್ರಯೋಗಶಾಲೆಯಲ್ಲಿ ಸಮರ್ಥವಾದ ಸಾಧನವೂ ಜನರ ಒಪ್ಪಿಗೆಯಿಲ್ಲದಿದ್ದರೆ ಹಳ್ಳಿಯಲ್ಲಿ ದುರ್ಬಲವಾಗುವುದು.

ಅಷ್ಟರಲ್ಲಿ ರೋಗವು ತನ್ನ ಎಲ್ಲೆಯನ್ನು ಮೀರಿತು. 2012ರಲ್ಲಿ ಬಂಡೀಪುರದ ಕಾಡಿನಲ್ಲಿಯೂ, ಅನಂತರ ಕೇರಳದ ವಯನಾಡು, ಗೋವೆ, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಗಳಲ್ಲಿಯೂ ಕಾಣಿಸಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಹಲವರು ಪ್ರಾಣ ನೀಗಿದರು. ಕಡೆಗೆ, ಲಸಿಕೆಯ ಪರಿಣಾಮ ಸಾಲದೆಂಬ ಕಾರಣದಿಂದ 2022ರಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು ಹೊಸ ಲಸಿಕೆಯ ಸಿದ್ಧತೆಗೆ ಕೈಹಾಕಿತು. ಹಳೆಯದು ನಿಂತು ಹೊಸದು ಬಾರದಿರುವ ನಡುಗಾಲದಲ್ಲಿ ಕಾಡಿಗೆ ಹೋಗುವವರಿಗೆ ಉಳಿದ ಆಸರೆ ಉಣುಗು ಹತ್ತದಂತೆ ಮೈಗೆ ಸವರುವ ಎಣ್ಣೆ, ಮೈತುಂಬ ಬಟ್ಟೆ, ಮಂಗ ಸತ್ತ ಸ್ಥಳದ ಸುದ್ದಿಯನ್ನು ಒಡನೆಯೇ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವುದು, ಇಷ್ಟೇ.

ಈ ವೃತ್ತಾಂತದಿಂದ ಮೂರು ಅಂಶಗಳು ಸಿದ್ಧಿಸುತ್ತವೆ. ಮೊದಲನೆಯದು, ನೂತನ ಸಾಧನದ ಪರೀಕ್ಷೆ ಅದು ಬಳಕೆಗೆ ಬಂದ ದಿನಕ್ಕೆ ಮುಗಿಯತಕ್ಕುದಲ್ಲ; ಯಾರಿಗೆ ಎಷ್ಟು ಸಲ ಕೊಟ್ಟಿತು, ಅವರಲ್ಲಿ ಯಾರಿಗೆ ರೋಗ ಬಂದಿತು ಎಂಬ ಲೆಕ್ಕ ವರ್ಷವರ್ಷವೂ ನಡೆಯಬೇಕು. ಎರಡನೆಯದು, ಸಾಧನವನ್ನು ಬಳಸುವುದರಲ್ಲಿ ಅಪಾಯವಿರುವಂತೆ ಹಿಂದೆಗೆಯುವುದರಲ್ಲಿಯೂ ಅಪಾಯವುಂಟು. ಆದಕಾರಣ ಕುಂದು ಕಂಡೊಡನೆಯೇ ಬದಲಿಯ ಸಿದ್ಧತೆ ಆರಂಭವಾಗಬೇಕು. ಮೂರನೆಯದು, ಅಪಾಯವನ್ನು ಹೊರುವವರು ದರಗು ಗುಡಿಸುವ ಹೆಂಗಸರೂ ದನ ಕಾಯುವವರೂ ಆಗಿರುವುದರಿಂದ, ಲಸಿಕೆ ಎಷ್ಟು ಕಾಪಾಡುವುದು, ಎಷ್ಟು ಕಾಪಾಡದು ಎಂಬ ನಿಜವನ್ನು ಅವರಿಗೇ ಮೊದಲು ತಿಳಿಸಬೇಕು. ತಾನು ಸಂಪೂರ್ಣವಾಗಿ ರಕ್ಷಿತನೆಂದು ತಪ್ಪಾಗಿ ನಂಬಿದವನು ಎಣ್ಣೆಯನ್ನು ಸವರದೆ ಕಾಡಿಗೆ ಹೋಗುವನು.

ಕೆರೆಯನ್ನು ಕಟ್ಟಿಸಿದವನ ಕೀರ್ತಿ ಕಲ್ಲಿನಲ್ಲಿ ಉಳಿಯುವುದು. ಆದರೆ ಕೆಳಗಣ ಗದ್ದೆಗಳನ್ನೂ ಮನೆಗಳನ್ನೂ ಉಳಿಸುವವನು ಮಳೆಗಾಲದ ಮುನ್ನ ಏರಿಯ ಬಿರುಕನ್ನು ನೋಡಿ ಮಣ್ಣು ಹಾಕುವವನು. ಅವನಿಗೆ ಭೂಮಿಯನ್ನು ಬಿಟ್ಟುಕೊಟ್ಟ ನಾಡಿನಲ್ಲಿ, ಬರಲಿರುವ ಲಸಿಕೆಗೂ ಅಂತಹ ಕಾವಲನ್ನು ಮೊದಲೇ ಏರ್ಪಡಿಸುವುದು ನೂತನವಾದ ಧರ್ಮವೇನೂ ಅಲ್ಲ.