ಕಮಾನು ಗಾಡಿಗೆ ಮತ್ತೆ ಹಳಿ ಕಟ್ಟುವಾಗ

ಮನೆಯನ್ನೇ ಗಾಲಿಯ ಮೇಲಿಟ್ಟುಕೊಂಡು ಊರೂರು ಸುತ್ತುವ ಆಸೆ ಮನುಷ್ಯನಿಗೆ ಹೊಸದಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 1950ರಲ್ಲಿ ಡಬ್ಬಿಯಾಕಾರದ ವ್ಯಾನೊಂದನ್ನು ತಯಾರಿಸತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆ ಅದರೊಳಗೆ ಹಾಸಿಗೆ, ಮೇಜು, ಕಪಾಟುಗಳನ್ನು ಜೋಡಿಸಿ ಅದನ್ನು ಪುಟ್ಟ ಮನೆಯನ್ನಾಗಿಸಿತು. ಅಂಥ ಹಳೆಯ 'ಕ್ಯಾಂಪರ್ ವ್ಯಾನ್'ಗಳನ್ನು ಹುಡುಕಿ ತಂದು, ತುಕ್ಕು ಕೆರೆದು, ಕಾರ್ಖಾನೆಯಿಂದ ಹೊರಬಿದ್ದ ದಿನದ ಬಣ್ಣವನ್ನೇ ಬಳಿದು 'ಮೂಲ ಸ್ಥಿತಿ'ಗೆ ತರುವ ಹವ್ಯಾಸಿಗಳು ಇಂದು ಅನೇಕ ದೇಶಗಳಲ್ಲಿದ್ದಾರೆ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿಯೂ ಗಾಲಿಯ ಮೇಲಿನ ಮನೆ ಇತ್ತು. ಅದಕ್ಕೆ ಎಂಜಿನ್ ಇರಲಿಲ್ಲ, ಜೋಡೆತ್ತು ಇದ್ದವು. ಅದರ ಹೆಸರು ಕಮಾನು ಗಾಡಿ. ಈಗಲೂ ಅಲ್ಲೊಂದು ಇಲ್ಲೊಂದು ಕೊಟ್ಟಿಗೆಯ ಮೂಲೆಯಲ್ಲಿ, ಕೋಳಿ ಕೂರುವ ಜಾಗವಾಗಿ, ಮುರಿದ ಅರೆಕಾಲಿನ ಗಾಡಿ ಕಾಣಸಿಗುತ್ತದೆ. ಅದನ್ನು ಮತ್ತೆ ಮೊದಲಿನಂತೆ ಮಾಡಲು ಸಾಧ್ಯವೇ? ಸಾಧ್ಯ. ಆದರೆ 'ಮೊದಲಿನಂತೆ' ಎಂದರೆ ಏನು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು.

ಉರುಳುವ ಮನೆ

ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಲ್ಲಿಗೆ ರೈಲು ಬರಲೇ ಇಲ್ಲ. ಮೋಟಾರು ಬಸ್ಸುಗಳು ಹಳ್ಳಿಹಳ್ಳಿಗೆ ಮುಟ್ಟುವ ಮುನ್ನ ದೂರದ ಪಯಣವೆಂದರೆ ಒಂದೋ ಕಾಲ್ನಡಿಗೆ, ಇಲ್ಲವೇ ಗಾಡಿ. ಕೊಳ್ಳೇಗಾಲದಿಂದ ಹನೂರಿನ ಮೇಲೆ ಹಾಯ್ದು ಮಲೆ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್. ಹೇರಿದ ಗಾಡಿಯನ್ನು ಎಳೆಯುವ ಎತ್ತುಗಳು ಗಂಟೆಗೆ ಮೂರು ನಾಲ್ಕು ಕಿಲೋಮೀಟರಿಗಿಂತ ಹೆಚ್ಚು ನಡೆಯಲಾರವು. ಬಿಸಿಲೇರಿದಾಗ ಅವುಗಳ ಕೊರಳು ಬಿಡಬೇಕು, ನೀರು ಕುಡಿಸಬೇಕು. ಹೀಗಾಗಿ ಬೆಟ್ಟದ ಬುಡ ಮುಟ್ಟಲು ಮೂರು ಹಗಲು ಬೇಕೇಬೇಕು. ನಡುವಿನ ರಾತ್ರಿಗಳಿಗೆ ಗಾಡಿಯೇ ಮನೆ.

ಆ ಮನೆಯಲ್ಲಿ ವ್ಯರ್ಥವಾದ ಜಾಗವೇ ಇರಲಿಲ್ಲ. ತಳದಲ್ಲಿ ದಪ್ಪನಾಗಿ ಹರಡಿದ ಹುಲ್ಲು, ಅದರ ಮೇಲೆ ಜಮಖಾನ. ರಾತ್ರಿ ಮಕ್ಕಳು ಮುದುಕರಿಗೆ ಮೆತ್ತೆಯಾದ ಹುಲ್ಲು ಹಿಂದಿರುಗುವ ದಾರಿಯಲ್ಲಿ ಎತ್ತಿನ ಮೇವಾಗುತ್ತಿತ್ತು. ಮೇಲೆ ಬಾಗಿಸಿ ಕಟ್ಟಿದ ಬಿದಿರಿನ ಕಮಾನು, ಅದಕ್ಕೆ ಹೆಣೆದ ತಟ್ಟಿ; ಬಿಸಿಲಿಗೂ ಮಳೆಗೂ ಅದೇ ಸೂರು. ಗಾಡಿಯ ಅಡಿಯಲ್ಲಿ ಒಂದು ಕಡೆ ಲಾಟೀನು, ಇನ್ನೊಂದು ಕಡೆ ಕೀಲೆಣ್ಣೆಯ ಬುಂಡೆ ತೂಗಾಡುತ್ತಿದ್ದವು. ತಂಗಿದಲ್ಲಿ ಮೂಕಿಗೆ ಊರುಗೋಲು ಕೊಟ್ಟು ಗಾಡಿಯನ್ನು ಸಮ ನಿಲ್ಲಿಸಿ, ಮೂರು ಕಲ್ಲು ಹೂಡಿದರೆ ಅಡುಗೆ ಮನೆಯೂ ಸಿದ್ಧ. ಗಾಡಿಯ ಕೆಳಗಿನ ನೆರಳು ಗಂಡಸರ ಮಲಗುವ ಕೋಣೆ.

ಪ್ರತಿವರ್ಷ ಬನದ ಹುಣ್ಣಿಮೆಗೆ ನಡೆಯುವ ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆ ಐದು ದಿನಗಳದ್ದು. ಒಕ್ಕಲಿನವರು ಬಿಡಾರ ಹೂಡಿ, ಅಲ್ಲಿಯೇ ಬೇಯಿಸಿ, ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಅದರ ವಿಶೇಷ. ಈಗ ಬಿಡಾರಗಳ ಪಕ್ಕದಲ್ಲಿ ಟ್ರ್ಯಾಕ್ಟರು, ಟೆಂಪೊಗಳು ನಿಲ್ಲುತ್ತವೆ. ಹಿಂದೆ ಆ ಜಾಗ ಗಾಡಿಯದಾಗಿತ್ತು.

ಮರಕ್ಕೆ ಮರ

ಇಂಥ ಗಾಡಿಯನ್ನು ಸರಿಪಡಿಸಲು ಹೊರಟವರು ಮೊದಲು ನೋಡಬೇಕಾದದ್ದು ಕಮಾನನ್ನಲ್ಲ, ಚಕ್ರವನ್ನು. ಐದಡಿ ಎತ್ತರದ ಮರದ ಚಕ್ರ ನೋಡಲು ಒಂದೇ ಆದರೂ ಹತ್ತಾರು ತುಂಡುಗಳ ಒಕ್ಕೂಟ. ನಡುವೆ ಗುಂಭ, ಅದರಿಂದ ಹೊರಟ ಅರೆಕಾಲುಗಳು, ಸುತ್ತ ಬಾಗಿದ ಮರದ ತುಂಡುಗಳು, ಎಲ್ಲವನ್ನೂ ಬಿಗಿದ ಕಬ್ಬಿಣದ ಹಳಿ. ಹನ್ನೆರಡು ಅರೆಕಾಲಿನ ಚಕ್ರಕ್ಕೆ ಎರಡೆರಡಕ್ಕೆ ಒಂದರಂತೆ ಆರು ಬಾಗುತುಂಡು. ಇವುಗಳ ನಡುವೆ ಅಂಟಿಲ್ಲ, ತಿರುಪು ಮೊಳೆಯಿಲ್ಲ. ತೂತಿಗೆ ತಕ್ಕ ಮೂತಿ, ಮೂತಿಗೆ ತಕ್ಕ ತೂತು, ಅಷ್ಟೆ.

ಯಾವ ಭಾಗಕ್ಕೆ ಯಾವ ಮರ ಎಂಬುದು ಆಚಾರಿಗಳಿಗೆ ಬಾಯಿಪಾಠ. ಸಿಗಿಯದೆ ಹೊಡೆತ ತಾಳಿಕೊಳ್ಳುವ ಜಾಲಿ ಚಕ್ರಕ್ಕೆ ಹೆಸರುವಾಸಿ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಒಣ ಕಾಡಿನಲ್ಲಿ ಬೆಳೆಯುವ ದಿಂಡಿಗ ಅಚ್ಚಿಗೆ ಎಷ್ಟು ಒಗ್ಗುತ್ತದೆಂದರೆ, ಇಂಗ್ಲಿಷಿನಲ್ಲಿ ಅದರ ಹೆಸರೇ 'ಆಕ್ಸಲ್‌ವುಡ್', ಅಂದರೆ ಅಚ್ಚಿನ ಮರ.

ಇಲ್ಲಿಯೇ ಮೊದಲ ತೊಡಕು. ಬಿಳಿಗಿರಿರಂಗನ ಬೆಟ್ಟದ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿನ ಮರ ಕಡಿಯುವ ಮಾತೇ ಇಲ್ಲ, ಅದು ಸರಿಯೂ ಹೌದು. ಹಾಗಾದರೆ ಮೂಲ ಮರ ಎಲ್ಲಿಂದ? ಹೊಲದ ಬದುವಿನ ಜಾಲಿಯನ್ನು ಕಾನೂನಿನಂತೆ ಪಡೆದು ನೆರಳಿನಲ್ಲಿ ಒಣಗಿಸಬೇಕು, ಇಲ್ಲವೇ ಸತ್ತ ಇನ್ನೊಂದು ಗಾಡಿಯ ಮರವನ್ನು ಬಳಸಬೇಕು. ಎರಡು ಗಾಡಿ ಬಿಚ್ಚಿ ಒಂದನ್ನು ಉಳಿಸಿಕೊಳ್ಳುವುದು ಅನೇಕ ವೇಳೆ ಜಾಣತನ. ಹಸಿ ಮರಕ್ಕೆ ಆತುರಪಟ್ಟರೆ ಬೇಸಿಗೆಯೊಳಗೆ ಅದು ಕುಗ್ಗಿ ಅರೆಕಾಲು ಗಡಗಡಿಸುತ್ತದೆ.

ಬೆಂಕಿ, ನೀರು ಮತ್ತು ಒಂದು ಲೆಕ್ಕ

ಲೋಹಗಳು ಕಾಸಿದಾಗ ಹಿಗ್ಗುತ್ತವೆ, ಆರಿದಾಗ ಕುಗ್ಗುತ್ತವೆ ಎಂದು ಶಾಲೆಯ ಪಾಠ ಹೇಳುತ್ತದೆ. ಗಾಡಿಯ ಗಾಲಿಗಿಂತ ಒಳ್ಳೆಯ ಉದಾಹರಣೆ ಅದಕ್ಕೆ ಮತ್ತೊಂದಿಲ್ಲ.

ಐದಡಿ ವ್ಯಾಸದ ಚಕ್ರದ ಸುತ್ತಳತೆ ಸುಮಾರು 4.8 ಮೀಟರ್. ಕಬ್ಬಿಣ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಹನ್ನೆರಡು ಪಾಲಿನಷ್ಟು ಹಿಗ್ಗುತ್ತದೆ. ಉಷ್ಣತೆ 500 ಡಿಗ್ರಿ ಏರಿದರೆ ಹಳಿಯ ಸುತ್ತಳತೆ ಸುಮಾರು 29 ಮಿಲಿಮೀಟರ್, ಅಂದರೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು ಬೆಳೆಯುತ್ತದೆ. ಕಮ್ಮಾರ ಈ ಗುಣಾಕಾರ ಮಾಡುವುದಿಲ್ಲ. ಚಕ್ರದ ಸುತ್ತಳತೆಯನ್ನು ಅಳೆದು, ಹಳಿಯನ್ನು ಒಂದು ಅಂಗುಲದೊಳಗೇ ಚಿಕ್ಕದಾಗಿ ಬೆಸೆಯುತ್ತಾನೆ. ಲೆಕ್ಕ ಮಾತ್ರ ಅದೇ.

ಬಯಲಿನಲ್ಲಿ ಹಳಿಯನ್ನು ಮಲಗಿಸಿ ಸುತ್ತಲೂ ಬೆರಣಿ ಒಟ್ಟಿ ಬೆಂಕಿ ಕೊಡುತ್ತಾರೆ. ಕಬ್ಬಿಣ ಮಂದವಾಗಿ ಕೆಂಪಾದಾಗ ಇಕ್ಕಳದಿಂದ ಮೂರು ನಾಲ್ಕು ಜನ ಎತ್ತಿ ಚಕ್ರದ ಮೇಲೆ ಕೂರಿಸಿ ಸುತ್ತಿಗೆಯಿಂದ ತಟ್ಟುತ್ತಾರೆ. ಮರ ಹೊಗೆಯಾಡಿ ಜ್ವಾಲೆ ಏಳುವುದರೊಳಗೆ ನೀರು ಬೀಳಬೇಕು. ಹಳಿ ಕುಗ್ಗುತ್ತಿದ್ದಂತೆ ಸಡಿಲವಾಗಿದ್ದ ಅರೆಕಾಲುಗಳು ಒಂದೊಂದಾಗಿ ಕಿರುಗುಟ್ಟಿ ಗುಂಭದೊಳಕ್ಕೆ ಬಿಗಿಯುತ್ತವೆ. ಅಳತೆ ದೊಡ್ಡದಾದರೆ ಹಳಿ ಕಳಚಿ ಬೀಳುತ್ತದೆ. ತೀರ ಚಿಕ್ಕದಾದರೆ ಚಕ್ರವೇ ಬಟ್ಟಲಿನಂತೆ ಡೊಂಕಾಗುತ್ತದೆ. ಈ ಎರಡರ ನಡುವಿನ ಕಾಲು ಅಂಗುಲವೇ ಕಸುಬು.

ಹಳಿ ಸಡಿಲವಾದ ಗಾಲಿಯನ್ನು ಹಳ್ಳಿಯವರು ಹೊಳೆಯಲ್ಲೋ ಕೆರೆಯಲ್ಲೋ ನೆನೆಹಾಕುವುದುಂಟು. ಮರ ಉಬ್ಬಿ ಬಿಗಿಯಾಗುತ್ತದೆ. ಆದರೆ ಅದು ಒಣಗುವವರೆಗಿನ ಉಪಾಯ. ಬಣ್ಣ ಬಳಿದು ಬಿರುಕು ಮುಚ್ಚುವುದಂತೂ ಉಪಾಯವೇ ಅಲ್ಲ. ಕೊನೆಗೆ ಅಚ್ಚಿಗೆ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲೆಸಿದ ಕೀಲೆಣ್ಣೆ ಬಳಿದು, ಕಡಾಣಿ ಹಾಕಿದರೆ ಗಾಡಿ ನಡೆಯಲು ಸಿದ್ಧ.

ಎತ್ತಿನ ಹೆಗಲು

ಹಳೆಯದೆಲ್ಲ ಚೆನ್ನ ಎಂಬ ಭ್ರಮೆ ಬೇಡ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯನ್ನು ಗಂಭೀರ ಅಧ್ಯಯನದ ವಸ್ತುವನ್ನಾಗಿ ಮಾಡಿದವರು. ದೊಡ್ಡ ವಿದ್ಯಾಸಂಸ್ಥೆಯ ಮುಖ್ಯಸ್ಥರು ಗಾಡಿಯ ಬಗ್ಗೆ ಮಾತನಾಡುವುದನ್ನು ಕೇಳಿ ನಕ್ಕವರಿದ್ದರು. ಹಳೆಯ ನೊಗ ಎತ್ತಿನ ಹೆಗಲಿನ ಸಣ್ಣ ಜಾಗದ ಮೇಲೆ ಭಾರ ಹೇರಿ ಹುಣ್ಣು ಮಾಡುತ್ತದೆ, ಒರಟು ಅಚ್ಚು ಪ್ರಾಣಿಯ ಶಕ್ತಿಯನ್ನು ತಿನ್ನುತ್ತದೆ ಎಂಬುದು ಅವರ ವಾದ. ರಬ್ಬರ್ ಟೈರಿನ ಗಾಡಿ ಹಳ್ಳಿಗಳಲ್ಲಿ ಮರದ ಗಾಲಿಯನ್ನು ಹಿಂದಿಕ್ಕಿದ್ದಕ್ಕೂ ಕಾರಣವಿದೆ. ಡಾಂಬರು ರಸ್ತೆಯಲ್ಲಿ ಅದು ಹಗುರವಾಗಿ ಉರುಳುತ್ತದೆ, ರಸ್ತೆಯನ್ನೂ ಕೆರೆಯುವುದಿಲ್ಲ.

ಆದ್ದರಿಂದ ಹಳೆಯ ಗಾಡಿಯನ್ನು ಮರಳಿ ಕಟ್ಟುವವರು ಒಂದು ವಿನಾಯಿತಿ ಇಟ್ಟುಕೊಳ್ಳಬೇಕು. ಗಾಲಿ, ಅಚ್ಚು, ಕಮಾನು ಮೊದಲಿನಂತೆಯೇ ಇರಲಿ. ನೊಗ ಮಾತ್ರ ನುಣುಪಾಗಿ, ಅಗಲವಾಗಿ, ಎತ್ತಿನ ಹೆಗಲಿಗೆ ಒಪ್ಪುವಂತಿರಲಿ. ಪ್ರಾಣಿಯ ನೋವನ್ನು ಮೂಲ ಸ್ಥಿತಿಯ ಹೆಸರಿನಲ್ಲಿ ಕಾಪಾಡಬೇಕಾಗಿಲ್ಲ.

ನಿಂತ ಗಾಡಿ, ನಡೆವ ಗಾಡಿ

ಇಂದು ಹಳೆಯ ಗಾಡಿಗಳಿಗೆ ಗಿರಾಕಿಗಳಿಲ್ಲವೆಂದಲ್ಲ. ರೆಸಾರ್ಟುಗಳ ಹುಲ್ಲುಹಾಸಿನ ಮೇಲೆ, ಹೋಟೆಲುಗಳ ಬಾಗಿಲಲ್ಲಿ ವಾರ್ನಿಷ್ ಹೊಡೆದ ಗಾಡಿಗಳು ನಿಂತಿವೆ. ಚಕ್ರವೊಂದೇ ಬೇಕಾದವರು ಅದನ್ನು ಕಳಚಿ ಗೋಡೆಗೆ ಒರಗಿಸುತ್ತಾರೆ, ಗಾಜು ಹಾಕಿಸಿ ಮೇಜು ಮಾಡಿಕೊಳ್ಳುತ್ತಾರೆ. ನೋಡಲು ಅಂದವೇ. ಆದರೆ ನಿಂತ ಚಕ್ರಕ್ಕೆ ಹಳಿ ಬಿಗಿಯಾಗಿರಬೇಕೆಂಬ ಅಗತ್ಯವಿಲ್ಲ. ಅಗತ್ಯವಿಲ್ಲದ ಕಡೆ ಕಮ್ಮಾರನಿಗೂ ಕೆಲಸವಿಲ್ಲ.

ನಡೆಯಲೇಬೇಕಾದ ಗಾಲಿಯ ಕಥೆ ಬೇರೆ. ಚಾಮರಾಜನಗರದ ಚಾಮರಾಜೇಶ್ವರ ಸ್ವಾಮಿಯ ತೇರು 2017ರಲ್ಲಿ ಬೆಂಕಿಗೆ ತುತ್ತಾಯಿತು. ಅದನ್ನು ಹಾಗೆಯೇ ನಿಲ್ಲಿಸಿ ಪ್ರದರ್ಶನಕ್ಕಿಡಬಹುದಿತ್ತು. ಆದರೆ ಆಷಾಢದ ತೇರು ಎಳೆಯದೆ ಊರಿಗೆ ಸಮಾಧಾನವಿರಲಿಲ್ಲ. ಹೊಸ ತೇರು ಸಿದ್ಧವಾಗಿ 2022ರಲ್ಲಿ ಮತ್ತೆ ಬೀದಿಗಿಳಿಯಿತು. ಎಳೆಯುವ ಜನರಿದ್ದುದರಿಂದಲೇ ತೇರಿಗೆ ಮರುಹುಟ್ಟು ಬಂತು.

ಕಮಾನು ಗಾಡಿಗೂ ಇದೇ ಮಾತು ಸಲ್ಲುತ್ತದೆ. ಹಳೆಯ ವ್ಯಾನಿಗಾದರೆ ಕಂಪನಿಯ ನಕ್ಷೆ ಇದೆ, ಬಣ್ಣದ ಸಂಖ್ಯೆ ಇದೆ, ಕೈಪಿಡಿ ಇದೆ. ಐವತ್ತು ವರ್ಷ ಕಾದರೂ ನಕ್ಷೆ ಸಾಯುವುದಿಲ್ಲ. ನಮ್ಮ ಗಾಡಿಯ ನಕ್ಷೆ ಇರುವುದು ವಯಸ್ಸಾದ ಆಚಾರಿಗಳ, ಕಮ್ಮಾರರ ಕೈಯಲ್ಲಿ. ಗುಂಭಕ್ಕೆ ಎಷ್ಟು ಆಳ ತೂತು, ಹಳಿಗೆ ಎಷ್ಟು ಕಡಿಮೆ ಅಳತೆ ಎಂಬುದನ್ನು ಅವರು ಬರೆದಿಟ್ಟಿಲ್ಲ. ಕೇಳಿದರೆ ಮಾಡಿ ತೋರಿಸುತ್ತಾರೆ.

ಕೊಟ್ಟಿಗೆಯಲ್ಲಿ ಅಜ್ಜನ ಗಾಡಿ ಉಳಿದಿರುವವರು ಅದನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಅಂಥವರನ್ನು ಕರೆಸಿ ತೋರಿಸಲಿ. ಹಳಿ ಕಟ್ಟುವ ದಿನ ಊರಿನ ಶಾಲೆಯ ಮಕ್ಕಳನ್ನೂ ಕರೆಯಲಿ. ಬೆರಣಿಯ ಬೆಂಕಿಯಲ್ಲಿ ಕಬ್ಬಿಣ ಹಿಗ್ಗುವುದನ್ನು, ನೀರು ಬಿದ್ದೊಡನೆ ಹನ್ನೆರಡು ಅರೆಕಾಲು ಬಿಗಿಯುವುದನ್ನು ಕಣ್ಣಾರೆ ಕಂಡ ಮಗುವಿಗೆ ಆ ಪಾಠವನ್ನು ಉರುಹೊಡೆಯುವ ಕಷ್ಟವಿರುವುದಿಲ್ಲ. ಆ ಗಾಡಿ ಮುಂದಿನ ಜಾತ್ರೆಗೆ ಒಂದು ಹರದಾರಿಯಾದರೂ ನಡೆದು ಹೋಗಿ ಬಂದರೆ, ಅದು ಮೂಲ ಸ್ಥಿತಿಗೆ ಬಂತೆಂದು ಹೇಳಲು ಬೇರೆ ಪ್ರಮಾಣಪತ್ರ ಬೇಕಾಗಿಲ್ಲ.