ವಿದ್ಯಾಕ್ಷೇತ್ರದ ವಿಸ್ತಾರ ಮತ್ತು ದಾಸೋಹದೃಷ್ಟಿ

ಶರಣಧರ್ಮದಲ್ಲಿ ಕಾಯಕ ಮತ್ತು ದಾಸೋಹಗಳು ಒಂದನ್ನೊಂದು ಬಿಟ್ಟಿರಲಾರವು. ಕಾಯಕವು ಗಳಿಕೆಯ ಮಾರ್ಗವಾದರೆ, ಗಳಿಸಿದುದನ್ನು ಅಹಂಕಾರವಿಲ್ಲದೆ ಸಮಾಜಕ್ಕೆ ಮರಳಿಸುವ ಮಾರ್ಗವೇ ದಾಸೋಹ. ನಮ್ಮ ಹಿರಿಯರು ಈ ತತ್ತ್ವವನ್ನು ಅನ್ನಕ್ಕಷ್ಟೇ ಸೀಮಿತಗೊಳಿಸಲಿಲ್ಲ, ಅರಿವಿಗೂ ಅನ್ವಯಿಸಿದರು. ಮಠಗಳ ಪ್ರಸಾದನಿಲಯಗಳ ಮಗ್ಗುಲಲ್ಲಿಯೇ ಪಾಠಶಾಲೆಗಳು ತಲೆಯೆತ್ತಿದುದು ಇದರ ಫಲ. ಇಂದು ನಮ್ಮ ಗದಗ ಸೀಮೆಯಲ್ಲಿ ವಿಶ್ವವಿದ್ಯಾಲಯವೊಂದು ನೆಲೆಗೊಂಡಿದೆ. ವೈದ್ಯಕೀಯ ಮಹಾವಿದ್ಯಾಲಯವೂ ಇದೆ. ಇಂಥ ವಿದ್ಯಾಕ್ಷೇತ್ರವು ಆರೋಗ್ಯವಿಜ್ಞಾನ ಮತ್ತು ತಂತ್ರಜ್ಞಾನಗಳಲ್ಲಿ ಬೆಳೆಯುವುದಾದರೆ ಆ ಬೆಳವಣಿಗೆಯ ಯೋಜನೆ ಯಾವ ಕ್ರಮದಲ್ಲಿರಬೇಕು ಎಂಬುದನ್ನು ದಾಸೋಹದೃಷ್ಟಿಯಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಹಿನ್ನೆಲೆಯನ್ನು ನೋಡೋಣ. ಉತ್ತರ ಕರ್ನಾಟಕದಲ್ಲಿ ಉನ್ನತ ಶಿಕ್ಷಣವು ಬಹುಮಟ್ಟಿಗೆ ಜನರ ತ್ಯಾಗದಿಂದ ಬೆಳೆದುದು. ವಚನಪಿತಾಮಹ ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಗಲ್ಲಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆಯಿಂದಲೇ 1947ರಲ್ಲಿ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜು, 1963ರಲ್ಲಿ ಬೆಳಗಾವಿಯ ವೈದ್ಯಕೀಯ ಕಾಲೇಜು ಹುಟ್ಟಿದವು. 1957ರಲ್ಲಿ ಹುಬ್ಬಳ್ಳಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಸಾಹಿತ್ಯ, ವೈದ್ಯ, ಯಂತ್ರವಿದ್ಯೆ ಮೊದಲಾದ ಶಾಖೆಗಳೆಲ್ಲ ಹಲವು ದಶಕ ಒಂದೇ ಮರದ ಕೊಂಬೆಗಳಾಗಿದ್ದವು.

ಆಮೇಲೆ ಈ ಕೊಂಬೆಗಳು ಬೇರೆಬೇರೆಯಾದವು. 1996ರಲ್ಲಿ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಏರ್ಪಟ್ಟು, ನಾಡಿನ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳು ಅವುಗಳ ಅಧೀನಕ್ಕೆ ಬಂದವು. ಪಠ್ಯಕ್ರಮದಲ್ಲಿ ಏಕರೂಪತೆ ಬಂದುದು ಲಾಭವೇ ಸರಿ. ಆದರೆ ವೈದ್ಯನೂ ಯಂತ್ರಜ್ಞನೂ ಸಮಾಜಶಾಸ್ತ್ರಜ್ಞನೂ ಒಂದೇ ಅಂಗಳದಲ್ಲಿ ಎದುರುಬದುರಾಗುವ ಸಂದರ್ಭ ಇದರಿಂದ ಕಡಿಮೆಯಾಯಿತು. ಗದಗ ಜಿಲ್ಲೆಯು 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡಿತು. 2015ರಲ್ಲಿ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಪಾಠ ಆರಂಭವಾಯಿತು. 2016ರ ಕಾಯಿದೆಯ ಮೇರೆಗೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಷಯಕ್ಕಾಗಿಯೇ ಒಂದು ವಿಶ್ವವಿದ್ಯಾಲಯ ಸ್ಥಾಪಿತವಾಗಿ, ನಾಗಾವಿಯಲ್ಲಿ ಅದರ ಆವರಣ ರೂಪುಗೊಂಡಿತು. ಅಲ್ಲಿ ಸಾರ್ವಜನಿಕ ಆರೋಗ್ಯ, ಆಹಾರ ತಂತ್ರಜ್ಞಾನ, ಭೂಮಾಹಿತಿ ವಿಜ್ಞಾನಗಳಂಥ ವಿಷಯಗಳಿಗೆ ಎಡೆ ದೊರೆತಿದೆ. ಹೀಗೆ ಬೇರೆಯಾದ ಕೊಂಬೆಗಳನ್ನು ಮತ್ತೆ ಹತ್ತಿರ ತರುವ ಅವಕಾಶ ನಮ್ಮ ಸೀಮೆಗೆ ಒದಗಿದೆ.

ಈ ಅವಕಾಶದ ಬಳಕೆ ಎಲ್ಲಿಂದ ಆರಂಭವಾಗಬೇಕು? ಹನ್ನೆರಡನೆಯ ಶತಮಾನದ ಶರಣ ವೈದ್ಯ ಸಂಗಣ್ಣನ ನೆನಪು ಇಲ್ಲಿ ಉಚಿತವಾದುದು. ವೈದ್ಯವೃತ್ತಿಯನ್ನೇ ಕಾಯಕವಾಗಿ ಕೈಕೊಂಡ ಈತನು ತನ್ನ ವಚನಗಳಲ್ಲಿ ರೋಗ, ನಿದಾನ, ಔಷಧಗಳ ಪರಿಭಾಷೆಯನ್ನು ಅಧ್ಯಾತ್ಮದ ಪರಿಭಾಷೆಯಾಗಿ ಮಾರ್ಪಡಿಸಿಕೊಂಡನು. ಬಲ್ಲ ವೈದ್ಯನು ನಿದಾನವಿಲ್ಲದೆ ಮದ್ದು ಕೊಡನಷ್ಟೆ. ವಿಶ್ವವಿದ್ಯಾಲಯಕ್ಕೂ ಇದೇ ನಿಯಮ ಸಲ್ಲುತ್ತದೆ. ಯಾವ ವಿಭಾಗ ತೆರೆಯಬೇಕು, ಎಷ್ಟು ಕಟ್ಟಡ ಏಳಬೇಕು ಎಂದು ಗೊತ್ತುಪಡಿಸುವ ಮುನ್ನ ಸುತ್ತಲಿನ ಜನಜೀವನದ ನಾಡಿ ಹಿಡಿದು ನೋಡುವುದು ಯೋಜನೆಯ ಮೊದಲ ಹೆಜ್ಜೆ.

ಒಂದು ಕೊಡ ನೀರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಗದಗ ಜಿಲ್ಲೆಯಲ್ಲಿ, ವಿಶೇಷವಾಗಿ ಮುಂಡರಗಿ ಭಾಗದಲ್ಲಿ, ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶ ಹೆಚ್ಚಾಗಿದೆ. ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಮೀರಬಾರದೆಂದೂ, ಬೇರೆ ನೀರು ದೊರೆಯದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ವಿಧಿಸಿದೆ. ಇದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲುಗಳಲ್ಲಿ ಕಲೆಗಳು ಮೂಡುತ್ತವೆ. ಪ್ರಮಾಣ ಹೆಚ್ಚಾಗಿದ್ದರೆ ಮುಂದೆ ಎಲುಬು ಕೀಲುಗಳು ಬಿಗಿದು ನಡು ಬಾಗುತ್ತದೆ. ಕಾಯಿಸಿ ಕುಡಿದರೆ ಈ ದೋಷ ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಫ್ಲೋರೈಡು ಸಾಂದ್ರವಾಗುತ್ತದೆ. ಊರೂರಿಗೆ ಬಂದಿರುವ ಶುದ್ಧ ನೀರಿನ ಘಟಕಗಳು ಇದನ್ನು ಸೋಸಬಲ್ಲವು. ಆದರೆ ಸೋಸುಪೊರೆ ಕೆಟ್ಟಾಗ ಬದಲಿಸುವವನಿಲ್ಲದಿದ್ದರೆ ಯಂತ್ರ ನಿಷ್ಪ್ರಯೋಜಕ. ಸೋಸಿ ಉಳಿದ ಗಡಸುನೀರನ್ನು ಎಲ್ಲೆಂದರಲ್ಲಿ ಬಿಟ್ಟರೆ ಅದೇ ದೋಷ ಮತ್ತೆ ನೆಲ ಸೇರುತ್ತದೆ.

ಈ ಒಂದು ಕೊಡ ನೀರಿಗಾಗಿ ಎಷ್ಟು ವಿದ್ಯೆಗಳು ಕೂಡಬೇಕೆಂಬುದನ್ನು ಓದುಗರು ಗಮನಿಸಬೇಕು. ರೋಗವನ್ನು ಗುರುತಿಸಲು ವೈದ್ಯ, ನೀರನ್ನು ಪರೀಕ್ಷಿಸಲು ರಸಾಯನಶಾಸ್ತ್ರಜ್ಞ, ಬಾವಿಗಳ ನಕ್ಷೆ ಬರೆಯಲು ಭೂಮಾಹಿತಿ ಬಲ್ಲವನು, ಯಂತ್ರ ನಡೆಸಲು ಕುಶಲಕರ್ಮಿ, ಖರ್ಚುವೆಚ್ಚ ನೋಡಲು ಗ್ರಾಮ ಪಂಚಾಯತಿ ಎಲ್ಲವೂ ಬೇಕು. ಇವರಲ್ಲಿ ಒಬ್ಬನು ತಪ್ಪಿದರೂ ಉಳಿದವರ ಶ್ರಮ ವ್ಯರ್ಥ. ಆರೋಗ್ಯವಿಜ್ಞಾನ, ತಂತ್ರಜ್ಞಾನಗಳನ್ನು ಎರಡು ಪ್ರತ್ಯೇಕ ಕಟ್ಟಡಗಳಲ್ಲಿ ಕೂಡಿಸಿ ನಡುವೆ ಗೋಡೆ ಎಬ್ಬಿಸುವ ಯೋಜನೆಯು ಏಕೆ ಸಾಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರು ನೀರಿನ ಕೆಲಸವನ್ನೂ ಶಿವಯೋಗವನ್ನೂ ಬೇರೆಯೆಂದು ಬಗೆಯಲಿಲ್ಲ.

ಯೋಜನೆಯ ಎರಡನೆಯ ಹೆಜ್ಜೆ ಜನರ ತರಬೇತಿ. ಬಯಲುಸೀಮೆಯಲ್ಲಿ 30,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಸಂಖ್ಯೆಗೆ ಒಂದು ಉಪಕೇಂದ್ರ ಇರಬೇಕೆಂಬುದು ಸರಕಾರದ ಪ್ರಮಾಣ. ಈ ಕೇಂದ್ರಗಳು ವೈದ್ಯರೊಬ್ಬರಿಂದಲೇ ನಡೆಯುವುದಿಲ್ಲ. ದಾದಿ, ರಕ್ತಪರೀಕ್ಷಕ, ಔಷಧ ವಿತರಕ, ಆಶಾ ಕಾರ್ಯಕರ್ತೆ ಮೊದಲಾದವರೆಲ್ಲ ಅದರ ಅಂಗಾಂಗಗಳು. 2021ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಪ್ರಯೋಗಾಲಯ ತಂತ್ರಜ್ಞರು, ಭೌತಚಿಕಿತ್ಸಕರು ಮುಂತಾದ ಸಹವೈದ್ಯಕೀಯ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗವನ್ನು ಒದಗಿಸಿದೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರ ನಾಡಿನಲ್ಲಿ ಈ ವೃತ್ತಿಗಳ ಶಿಕ್ಷಣಕ್ಕೆ ವಿಶ್ವವಿದ್ಯಾಲಯವು ಮೊದಲ ಮಣೆ ಹಾಕಿದರೆ ಅದು ಯುಕ್ತವೇ. ಗದಗ ತಾಲೂಕಿನ ಅಂತೂರ-ಬೆಂತೂರದಂಥ ಊರುಗಳ ಒಕ್ಕಲುಮಕ್ಕಳಿಗೆ ದೂರದ ನಗರಗಳಿಗೆ ಹೋಗದೆ ಇಂಥ ವಿದ್ಯೆ ದೊರೆತರೆ, ಕಲಿತವರು ತಮ್ಮ ಸೀಮೆಯಲ್ಲಿಯೇ ನಿಲ್ಲುವ ಸಂಭವವೂ ಹೆಚ್ಚು. ಬೆಟಗೇರಿಯ ನೇಕಾರರು ಮಗ್ಗದ ಮುಂದೆ ಬಾಗಿ ಕೂತು ಅನುಭವಿಸುವ ಬೆನ್ನುನೋವು, ಕಣ್ಣಿನ ಆಯಾಸಗಳ ಅಧ್ಯಯನಕ್ಕೆ ಇಂಥ ವಿದ್ಯಾರ್ಥಿಗಳೇ ತಕ್ಕವರು. ಹಿಂದೆ ಬಾಸೆಲ್ ಮಿಷನ್ನಿನವರು ಬೆಟಗೇರಿಯಲ್ಲಿ ತೆರೆದ ಆಸ್ಪತ್ರೆಯನ್ನು ಜನರು ಜರ್ಮನ್ ಆಸ್ಪತ್ರೆಯೆಂದು ಕರೆದು ನಂಬಿದರು. ಆ ನಂಬಿಕೆ ಶುಶ್ರೂಷೆಯಿಂದ ಬಂದುದು.

ಮೂರನೆಯ ಹೆಜ್ಜೆ ನೆಲದ ವಿವೇಕ. ಈ ಸೀಮೆಗೆ ಕಪ್ಪತಗುಡ್ಡವು ಔಷಧಿ ಸಸ್ಯಗಳ ಭಂಡಾರ. 2019ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಗಿಡಮೂಲಿಕೆಗಳ ಸಂಶೋಧನೆ ವಿಶ್ವವಿದ್ಯಾಲಯಕ್ಕೆ ಸಹಜವಾದ ವಿಷಯ. ಆದರೆ ಗುಡ್ಡದಿಂದ ಕಿತ್ತು ತರುವುದಕ್ಕೆ ಬದಲಾಗಿ ಆವರಣದಲ್ಲಿ ಸಸಿ ಮಾಡಿ ಬೆಳೆಸುವುದು ಅದರ ಧರ್ಮವಾಗಬೇಕು. ಹಾಗೆಯೇ ಆಸ್ಪತ್ರೆ, ಪ್ರಯೋಗಾಲಯಗಳು ಬೆಳೆದಂತೆ ಅವುಗಳ ಕಸವೂ ಬೆಳೆಯುತ್ತದೆ. 2016ರ ನಿಯಮಗಳ ಪ್ರಕಾರ ಆಸ್ಪತ್ರೆಯ ತ್ಯಾಜ್ಯವನ್ನು ಬಣ್ಣಬಣ್ಣದ ಚೀಲಗಳಲ್ಲಿ ವಿಂಗಡಿಸಬೇಕು. ಸಂಸ್ಕರಿಸದ ತ್ಯಾಜ್ಯವನ್ನು 48 ತಾಸಿಗಿಂತ ಹೆಚ್ಚು ಇಟ್ಟುಕೊಳ್ಳಲಾಗದು. ಇದಕ್ಕೆ ಬೇಕಾದ ವ್ಯವಸ್ಥೆ, ಮಳೆನೀರಿನ ಸಂಗ್ರಹ, ಬಳಸಿದ ನೀರಿನ ಶುದ್ಧೀಕರಣ ಇವು ನಕ್ಷೆಯ ಮೊದಲ ಪುಟದಲ್ಲಿ ಬರಬೇಕಾದ ಬಾಬುಗಳು. ಮಹಾದ್ವಾರ, ಸಭಾಭವನಗಳು ಕೊನೆಯ ಪುಟಕ್ಕೆ ಸರಿದರೆ ಬಾಧಕವಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಕಟ್ಟಡ, ಉಪಕರಣಗಳಿಲ್ಲದೆ ಮಾನ್ಯತೆ ದೊರೆಯದು. ಮಾನ್ಯತೆಯಿಲ್ಲದ ಪದವಿಗೆ ಬೆಲೆಯಿಲ್ಲ ಎಂದು ಕೆಲವರು ಹೇಳಬಹುದು. ಈ ಮಾತು ತಳ್ಳಿಹಾಕುವಂಥದಲ್ಲ. ವೈದ್ಯಶಿಕ್ಷಣಕ್ಕೆ ಹಾಸಿಗೆಗಳುಳ್ಳ ಆಸ್ಪತ್ರೆ ಬೇಕೇ ಬೇಕು. ಆದರೆ ಜಿಲ್ಲೆಯಲ್ಲಿ ಅಂಥ ಆಸ್ಪತ್ರೆ ಈಗಾಗಲೇ ಇದೆ. ಆಯುರ್ವೇದ ಮತ್ತು ಇಂಜಿನಿಯರಿಂಗ್ ಕಾಲೇಜುಗಳೂ ಗದಗಿನಲ್ಲಿ ಇವೆ. ಇದ್ದುದನ್ನು ಒಡಂಬಡಿಕೆಯಿಂದ ಹಂಚಿಕೊಂಡು, ಇಲ್ಲದುದನ್ನು ಮಾತ್ರ ಹೊಸದಾಗಿ ಕಟ್ಟುವುದು ಮಿತವ್ಯಯದ ಮಾರ್ಗ. ಅಧ್ಯಾಪಕರ ನೇಮಕಾತಿ ಕಟ್ಟಡಕ್ಕಿಂತ ಮುಂಚೆ ನಡೆಯಬೇಕೆಂಬುದನ್ನು ಮರೆಯಲಾಗದು. ಗುರುವಿಲ್ಲದ ಮಠಕ್ಕೆ ಎಷ್ಟು ಅಂಕಣಗಳಿದ್ದರೇನು?

ವಿದ್ಯಾಕ್ಷೇತ್ರದ ಬೆಳವಣಿಗೆಯನ್ನು ಎಕರೆಗಳಲ್ಲಿಯೂ ಪದವೀಧರರ ಸಂಖ್ಯೆಯಲ್ಲಿಯೂ ಅಳೆಯುವ ರೂಢಿ ಬಂದಿದೆ. ಆ ಲೆಕ್ಕವೂ ಇರಲಿ. ಅದರ ಜೊತೆಗೆ ಇನ್ನೊಂದು ಲೆಕ್ಕವನ್ನು ವರ್ಷಕ್ಕೊಮ್ಮೆ ಬರೆದಿಡುವುದು ಶ್ರೇಯಸ್ಕರ: ಸುತ್ತಲಿನ ಎಷ್ಟು ಊರುಗಳ ನೀರಿನ ಪರೀಕ್ಷೆ ನಡೆಯಿತು, ನಿಂತುಹೋದ ಎಷ್ಟು ಘಟಕಗಳು ಮತ್ತೆ ನಡೆದವು, ಎಷ್ಟು ಉಪಕೇಂದ್ರಗಳಿಗೆ ನಮ್ಮ ವಿದ್ಯಾರ್ಥಿಗಳು ಸೇವೆಗೆ ಹೋದರು ಎಂಬುದು. ಜನರ ತೆರಿಗೆಯಿಂದ ಗಳಿಸಿದ ವಿದ್ಯೆ ಹೀಗೆ ಜನರ ಮನೆಬಾಗಿಲಿಗೆ ಮರಳಿದಾಗ ಅದು ದಾಸೋಹವಾಗುತ್ತದೆ. ಅಂತೂರ-ಬೆಂತೂರದ ಹೆಣ್ಣುಮಗಳೊಬ್ಬಳು ಕೊಡ ತುಂಬಿಕೊಂಡು ಮನೆಗೆ ಹೋಗುವಾಗ ಆ ನೀರು ತನ್ನ ಮಕ್ಕಳಿಗೆ ನಿರಪಾಯವೆಂದು ನಂಬುವಂತಾದರೆ, ವಿಶ್ವವಿದ್ಯಾಲಯದ ವಿಸ್ತಾರ ಸಾರ್ಥಕವಾಯಿತೆಂದು ನಾವು ತಿಳಿಯಬಹುದು.